ಕೈದಿಗಳ ಕ್ವಾರ್ಟೆಟ್‌ನಲ್ಲಿ ಶಾರ್ಙ್ಗದೇವನ ತಾಳ: ಸ್ವಂತ ರಚನೆಗೆ ಪ್ರೇರಣೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾನು ಕರ್ನಾಟಕ ಶೈಲಿಯಲ್ಲಿ ಪಿಟೀಲು ಕಲಿತವಳು, ಸೀನಿಯರ್ ಪರೀಕ್ಷೆ ಆಗಿದೆ. ಈಚೆಗೆ ಸ್ಟಾಫ್ ನೊಟೇಶನ್ ಕೂಡ ಕಲಿಯುತ್ತಿದ್ದೇನೆ. ಕ್ಲಾರಿನೆಟ್ ನುಡಿಸುವ ಗೆಳತಿಯೊಬ್ಬಳಿದ್ದಾಳೆ. ನಮ್ಮಿಬ್ಬರಿಗೇ ಅಂತ ಮೂರ್ನಾಲ್ಕು ನಿಮಿಷದ ಒಂದು ಸ್ವಂತ ರಚನೆ ಮಾಡುವ ಆಸೆ. ಕೂತರೆ ಏನೂ ಹೊಳೆಯುವುದಿಲ್ಲ. ಹೊಳೆದದ್ದು ಯಾವುದೋ ರಾಗದ ಆಲಾಪನೆಯಾಗಿಬಿಡುತ್ತದೆ. ಒಲಿವಿಯೆ ಮೆಸ್ಸಿಯಾನ್ ಎಂಬ ಫ್ರೆಂಚ್ ಸಂಯೋಜಕ ಯುದ್ಧಕೈದಿಯಾಗಿದ್ದಾಗ ನಾಲ್ಕು ವಾದ್ಯಗಳಿಗೆ ಬರೆದ ‘ಕಾಲಾಂತ್ಯದ ಕ್ವಾರ್ಟೆಟ್’ನಲ್ಲಿ ನಮ್ಮ ತಾಳಗಳಿವೆ ಎಂದು ಓದಿ, ಹುಡುಕಿ ಕೇಳಿದೆ. ತಾಳ ಎಲ್ಲೂ ಕೈಗೆ ಸಿಗಲಿಲ್ಲ. ಅಂಥವರಿಗೆ ಪ್ರೇರಣೆ ಎಲ್ಲಿಂದ ಬರುತ್ತದೆ? ಅಷ್ಟು ಕಷ್ಟಪಟ್ಟರೆ ಮಾತ್ರ ಅಂಥದ್ದು ಹುಟ್ಟುತ್ತದೆಯೇ?

ಉತ್ತರ: ಕಷ್ಟದ ಮಾತನ್ನು ಮೊದಲು ಮುಗಿಸಿಬಿಡೋಣ. ಮೆಸ್ಸಿಯಾನ್ 1940ರಲ್ಲಿ ಜರ್ಮನ್ ಸೇನೆಗೆ ಸೆರೆಸಿಕ್ಕಿದ್ದು, ಗೋರ್ಲಿಟ್ಸ್ ಊರಿನ ಸ್ಟಾಲಾಗ್ 8-ಎ ಶಿಬಿರದಲ್ಲಿದ್ದದ್ದು, 1941ರ ಜನವರಿ 15ರಂದು ಕೊರೆಯುವ ಚಳಿಯಲ್ಲಿ ಸಹಕೈದಿಗಳ ಎದುರು ಈ ಕೃತಿಯನ್ನು ಮೊದಲು ನುಡಿಸಿದ್ದು, ಎಲ್ಲವೂ ನಿಜ. ಆದರೆ ಅದರ ಎಂಟು ಭಾಗಗಳಲ್ಲಿ ಮೂರಕ್ಕೆ ಶಿಬಿರಕ್ಕಿಂತ ಹಿಂದಿನ ಚರಿತ್ರೆ ಇದೆ. ಐದನೆಯ ಭಾಗ, ಸೆಲ್ಲೊ ಮತ್ತು ಪಿಯಾನೊಗೆ ಇರುವಂಥದ್ದು, 1937ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಆರು ಓಂದ್ ಮಾರ್ತೆನೊ ಎಂಬ ವಿದ್ಯುತ್ ವಾದ್ಯಗಳಿಗೆ ಬರೆದ ಕೃತಿಯಿಂದ ಬಂದದ್ದು. ಕೊನೆಯ ಭಾಗದ ಮೂಲ 1930ರ ಒಂದು ಆರ್ಗನ್ ರಚನೆ. ಕ್ಲಾರಿನೆಟ್ ಒಂಟಿಯಾಗಿ ನುಡಿಸುವ ಮೂರನೆಯ ಭಾಗದ ಕರಡು ಶಿಬಿರ ತಲುಪುವ ಮೊದಲೇ ಆಗಿತ್ತು. ಸೆಲ್ಲೊಗೆ ಮೂರೇ ತಂತಿ ಇತ್ತು ಎಂದು ಮೆಸ್ಸಿಯಾನ್ ಆಮೇಲೆ ಹೇಳುತ್ತಿದ್ದ. ಅವತ್ತು ಸೆಲ್ಲೊ ನುಡಿಸಿದ ಎಟಿಯೆನ್ ಪಾಸ್ಕಿಯೆ ಅದನ್ನು ಒಪ್ಪಲಿಲ್ಲ, ನಾಲ್ಕೂ ಇದ್ದವು ಎಂದ. ಕೃತಿ ಹುಟ್ಟಿದ ಕಥೆ ಎಷ್ಟು ರೋಚಕವಾಗಿದ್ದರೂ ಬರೆಯಲು ಕೂತವರಿಗೆ ಅದರಿಂದ ಸಿಗುವುದು ಕಡಿಮೆ.

ಶಿಬಿರ ನಿಜವಾಗಿ ಕೊಟ್ಟದ್ದು ಬೇರೆ: ಒಂದು ಕಟ್ಟುಪಾಡು. ಅಲ್ಲಿ ಸಿಕ್ಕವರು ಕ್ಲಾರಿನೆಟ್‌ನ ಆಂರಿ ಅಕೋಕಾ, ಪಿಟೀಲಿನ ಜ್ಯಾಂ ಲ ಬುಲೇರ್, ಸೆಲ್ಲೊದ ಪಾಸ್ಕಿಯೆ. ಪಿಯಾನೊಗೆ ತಾನೇ. ಈ ನಾಲ್ಕು ವಾದ್ಯಗಳ ಕೂಟಕ್ಕೆ ಆಗ ಹೇಳಿಕೊಳ್ಳುವಂಥ ಪರಂಪರೆ ಇರಲಿಲ್ಲ. ಶಿಬಿರದಲ್ಲಿ ಮೊದಲು ಬರೆದ ನಾಲ್ಕನೆಯ ಭಾಗದಲ್ಲಿ ಪಿಯಾನೊ ಇಲ್ಲ. ನಿಮಗೂ ಅಂಥದ್ದೇ ಕಟ್ಟು ಇದೆ, ಒಂದು ಪಿಟೀಲು, ಒಂದು ಕ್ಲಾರಿನೆಟ್. ಇದನ್ನು ಕೊರತೆ ಎಂದು ತಿಳಿಯಬೇಡಿ. ಅರ್ಧ ನಿರ್ಧಾರ ಆಗಲೇ ಆಗಿದೆ ಎಂದು ತಿಳಿಯಿರಿ.

ಈಗ ತಾಳದ ವಿಷಯ. ನಿಮ್ಮ ಕಿವಿ ಸೋತಿಲ್ಲ, ಅಲ್ಲಿರುವುದು ನೀವು ಹುಡುಕಿದ ರೂಪದಲ್ಲಿಲ್ಲ. ಶಾರ್ಙ್ಗದೇವ 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿ ‘ಸಂಗೀತ ರತ್ನಾಕರ’ ಬರೆದ. ಅದಕ್ಕೆ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು ನಮ್ಮ ವಿಜಯನಗರದಲ್ಲಿ. ಆ ಗ್ರಂಥದಲ್ಲಿ 120 ದೇಶೀ ತಾಳಗಳ ಪಟ್ಟಿ ಇದೆ. ಫ್ರಾನ್ಸಿನ ಒಂದು ದೊಡ್ಡ ಸಂಗೀತ ವಿಶ್ವಕೋಶದಲ್ಲಿ ಅಚ್ಚಾಗಿದ್ದ ಆ ಪಟ್ಟಿಯನ್ನು ಮೆಸ್ಸಿಯಾನ್ ನೋಡಿದ. ಅಂದರೆ ಅವನಿಗೆ ಸಿಕ್ಕಿದ್ದು ಕಾಗದದ ಮೇಲಿನ ಕಾಲಮಾನಗಳು. ಕೈಯಲ್ಲಿ ಹಾಕುವ ಕ್ರಿಯೆ, ಸಮ (ಆವರ್ತದ ಮೊದಲ ಪೆಟ್ಟು), ಎಡುಪು (ಹಾಡು ಶುರುವಾಗುವ ಜಾಗ), ಜತಿ, ಯಾವುದೂ ಜೊತೆಗೆ ಬರಲಿಲ್ಲ. ಹಾಗಾಗಿ ‘ಅದರಲ್ಲಿ ಭಾರತೀಯ ತಾಳ ಇದೆ’ ಎನ್ನುವ ಮಾತು ಅರ್ಧ ಸರಿ. ಇರುವುದು ತಾಳದ ಅಂಗಗಳ ಉದ್ದಗಳು ಮಾತ್ರ.

ಮೊದಲ ಭಾಗದಲ್ಲಿ ಪಿಯಾನೊದ ಕೈ ನೋಡಿ. ಹದಿನಾರನೆಯ ಸ್ವರವನ್ನು, ಅಂದರೆ ಒಂದು ಬೀಟಿನ ಕಾಲುಭಾಗವನ್ನು, ಒಂದು ಅನುದ್ರುತ ಎಂದಿಟ್ಟುಕೊಳ್ಳಿ. ಆಗ ದ್ರುತ 2, ದ್ರುತವಿರಾಮ 3, ಲಘು 4, ಗುರು 8, ಪ್ಲುತ 12, ನೀವು ಓದಿದ ಷಡಂಗದ ಲೆಕ್ಕವೇ. ಪಿಯಾನೊದಲ್ಲಿ ಮರಳಿ ಮರಳಿ ಬರುವ ಸಾಲು ಇದು:

4 4 4 2 3 2 – 2 2 2 3 3 3 1 – 2 3 4 8

ಮೊದಲ ತುಂಡು ರಾಗವರ್ಧನ. ಪಟ್ಟಿಯಲ್ಲಿ ಅದು 2 3 2 12. ಮೆಸ್ಸಿಯಾನ್ ಅದನ್ನು ಹಿಂದುಮುಂದು ಮಾಡಿ, ಪ್ಲುತವನ್ನು ಮೂರು ಲಘುವಾಗಿ ಒಡೆದ. ಎರಡನೆಯದು ಚಂದ್ರಕಲಾ: ಮೂರು ಗುರು, ಮೂರು ಪ್ಲುತ, ಒಂದು ಲಘು, 8 8 8 12 12 12 4. ಎಲ್ಲವನ್ನೂ ನಾಲ್ಕರಿಂದ ಭಾಗಿಸಿದರೆ 2 2 2 3 3 3 1. ಕೊನೆಯದು ಲಕ್ಷ್ಮೀಶ, ಇದ್ದದ್ದು ಇದ್ದ ಹಾಗೆ 2 3 4 8. ಒಟ್ಟು 17 ಕಾಲಮಾನ, 52 ಅನುದ್ರುತ, ಅಂದರೆ 13 ಬೀಟು. ಬರೆದಿರುವುದು, ಗೆರೆ ಎಳೆದು ಸಮಭಾಗ ಮಾಡಿದ ಮೂರು ಬೀಟಿನ ಬಾರ್‌ಗಳಲ್ಲಿ. 13 ಎಲ್ಲಿ, 3 ಎಲ್ಲಿ! ಪ್ರತಿ ಆವರ್ತವೂ ಬಾರ್‌ನ ಬೇರೆ ಜಾಗದಿಂದ ಶುರುವಾಗುತ್ತದೆ. ಸಮ ಹುಡುಕಿದರೆ ಸಿಗದಿರುವುದು ಇದಕ್ಕೇ.

ಇದರ ಮೇಲೆ, ಹಲವು ಸ್ವರ ಒಟ್ಟಿಗೆ ನುಡಿಯುವ 29 ಕಾರ್ಡ್‌ಗಳ ಇನ್ನೊಂದು ಸಾಲು ಸುತ್ತುತ್ತದೆ. 17ನೆಯ ಕಾಲಮಾನ ಮುಗಿದು ಲಯ ಮೊದಲಿಗೆ ಬಂದಾಗ ಕಾರ್ಡುಗಳ ಸಾಲು ಇನ್ನೂ 18ನೆಯದರಲ್ಲಿರುತ್ತದೆ. 17 ಮತ್ತು 29 ಎರಡೂ ಅವಿಭಾಜ್ಯ ಸಂಖ್ಯೆಗಳು, ಹಾಗಾಗಿ 493 ಕಾರ್ಡು ನುಡಿಸಿದ ಮೇಲೇ ಎರಡೂ ಒಟ್ಟಿಗೆ ಮೊದಲಿಗೆ ಬಂದು ನಿಲ್ಲುವುದು. ನಿಮಿಷಕ್ಕೆ 54 ಬೀಟಿನ ಗತಿಯಲ್ಲಿ ಅದಕ್ಕೆ ಸುಮಾರು 7 ನಿಮಿಷ ಬೇಕು. ಆ ಭಾಗವೋ ಮೂರು ನಿಮಿಷದೊಳಗೆ ಮುಗಿದುಹೋಗುತ್ತದೆ. ಇಡೀ ಚಕ್ರದ ಒಂದು ತುಣುಕನ್ನಷ್ಟೇ ಕೇಳಿಸುವುದು ಸಂಯೋಜಕನ ಉದ್ದೇಶ. ಸೆಲ್ಲೊದ್ದು ಇನ್ನೊಂದು ಚಕ್ರ: ಐದೇ ಸ್ವರ, 15 ಕಾಲಮಾನ. ಈ ಎರಡರ ಮೇಲೆ ಪಿಟೀಲು ಮತ್ತು ಕ್ಲಾರಿನೆಟ್ ಹಕ್ಕಿಗಳ ಹಾಗೆ ಸ್ವಚ್ಛಂದವಾಗಿ ನುಡಿಯುತ್ತವೆ.

ಮತ್ತೆ ಕೇಳುವಾಗ ಹೀಗೆ ಮಾಡಿ. ಪಿಟೀಲು, ಕ್ಲಾರಿನೆಟ್ ಎರಡನ್ನೂ ಬಿಟ್ಟು ಪಿಯಾನೊ ಒಂದನ್ನೇ ಹಿಂಬಾಲಿಸಿ. ಒಂದು ಕಡೆ ಕಾರ್ಡುಗಳು ನಿಧಾನವಾಗುತ್ತ ಬಂದು ಎರಡು ಬೀಟು ನಿಂತಂತೆ ಕೇಳಿಸುತ್ತದೆ. ಅದು ಲಕ್ಷ್ಮೀಶದ ಕೊನೆಯ ಗುರು. ಅಲ್ಲಿಂದ ಮೂರು ಸಮನಾದ ಲಘು, ಹೊಸ ಆವರ್ತ. ಆ ನಿಲುಗಡೆ ಒಮ್ಮೆ ಕಿವಿಗೆ ಬಿದ್ದರೆ ಮುಂದಿನ 13 ಬೀಟು ತಾನಾಗಿ ಕೂಡಿಬರುತ್ತದೆ.

ಪ್ರೇರಣೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಬೈಬಲಿನ ‘ಪ್ರಕಟನೆ’ಯ ಹತ್ತನೆಯ ಅಧ್ಯಾಯದ ದೇವದೂತ, ಬೆಳಗಿನ ಜಾವ ಮೂರರಿಂದ ನಾಲ್ಕರ ನಡುವೆ ಏಳುವ ಹಕ್ಕಿಗಳು, ಶಾರ್ಙ್ಗದೇವನ ಪಟ್ಟಿ, ಇವೆಲ್ಲ ಮೆಸ್ಸಿಯಾನ್‌ಗೆ ಪ್ರೇರಣೆಗಳೇ. ಆದರೆ ಅವು ಸಂಗೀತವಾದದ್ದು ಎಣಿಸಬಹುದಾದ ಸಾಮಗ್ರಿಯಾಗಿ ಬದಲಾದ ಮೇಲೆ: 17 ಕಾಲಮಾನ, 29 ಕಾರ್ಡು, ಐದು ಸ್ವರ, ಇಂಥ ವಾದ್ಯ, ಇಂಥ ನುಡಿಸುವವನು. ‘ಮಳೆಯ ಬಗ್ಗೆ ಬರೆಯುತ್ತೇನೆ’ ಎಂದು ಕೂತರೆ ಕೈ ತನಗೆ ಅಭ್ಯಾಸವಾದ ಅಮೃತವರ್ಷಿಣಿಗೇ ಹೋಗುತ್ತದೆ. ಆಲಾಪನೆ ಆಗಿಬಿಡುತ್ತದೆ ಎಂದಿರಲ್ಲ, ಅದರ ಕಾರಣ ಇದು. ಭಾವ ಇದೆ, ಸಾಮಗ್ರಿ ಇಲ್ಲ. ಆ ಜಾಗವನ್ನು ಕೈಯ ಅಭ್ಯಾಸ ತುಂಬುತ್ತದೆ.

ಸಾಮಗ್ರಿ ತಾಳದ ಪಟ್ಟಿಯಿಂದಲೇ ಬರಬೇಕೆಂದಿಲ್ಲ. ಬೆಲ್ಜಿಯಂನ ಪಿಟೀಲುವಾದಕ ಯೂಜೀನ್ ಇಸಾಯ್ 1923ರಲ್ಲಿ ಒಂಟಿ ಪಿಟೀಲಿಗೆ ಆರು ಸೊನಾಟ ಬರೆದ. ಒಂದೊಂದನ್ನೂ ಒಬ್ಬೊಬ್ಬ ಪಿಟೀಲುವಾದಕನಿಗೆ ಅರ್ಪಿಸಿ, ಅವರವರ ಬಾಣಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸಿಗೆತಿ, ತಿಬೋ, ಎನೆಸ್ಕು, ಕ್ರೈಸ್ಲರ್, ಹೀಗೆ. ನಿಮ್ಮ ಗೆಳತಿ ಯಾವ ಸ್ವರವನ್ನು ಚೆನ್ನಾಗಿ ಹಿಡಿಯುತ್ತಾಳೆ, ಎಲ್ಲಿ ಉಸಿರು ಸಾಲುವುದಿಲ್ಲ ಎನ್ನುವುದೂ ಸಾಮಗ್ರಿ. ಬಾರ್ತೋಕ್ 1931ರಲ್ಲಿ ಎರಡು ಪಿಟೀಲಿಗೆ ಬರೆದ 44 ಪುಟ್ಟ ರಚನೆಗಳು ಬಹುಪಾಲು ಜನಪದ ಧಾಟಿಗಳ ಮೇಲೆ ನಿಂತಿವೆ. ಎರಡೇ ದನಿಯಲ್ಲಿ ಒಂದು ಧಾಟಿಯನ್ನು ಎಷ್ಟು ವಿಧವಾಗಿ ಕೂರಿಸಬಹುದು ಎಂದು ನೋಡಲು ಅವುಗಳಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬರೆಯುವ ಮೊದಲು ಅವುಗಳಲ್ಲಿ ಹತ್ತನ್ನಾದರೂ ನುಡಿಸಿ ನೋಡಿ.

ಈಗ ನಿಮ್ಮ ರಚನೆ. ಒಂದು ದಾರಿ ಹೇಳುತ್ತೇನೆ, ಬೇಕಾದಂತೆ ತಿದ್ದಿಕೊಳ್ಳಿ.

ಪಿಟೀಲಿಗೆ ಲಕ್ಷ್ಮೀಶವನ್ನೇ ತೆಗೆದುಕೊಂಡು, ಅದನ್ನು ಕನ್ನಡಿಯಲ್ಲಿ ಕಂಡಂತೆ ಮುಂದುವರಿಸಿ: 2 3 4 8 4 3 2. ಏಳು ಕಾಲಮಾನ, 26 ಅನುದ್ರುತ. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ. ಇಂಥ ಲಯಗಳನ್ನು ಮೆಸ್ಸಿಯಾನ್ ಬಹಳ ಮೆಚ್ಚಿದ್ದ; ಕ್ವಾರ್ಟೆಟ್‌ನ ಆರನೆಯ ಭಾಗದಲ್ಲಿ 3 5 8 5 3, 4 3 7 3 4, 2 2 3 5 3 2 2 ಒಂದರ ಹಿಂದೆ ಒಂದು ಬರುತ್ತವೆ. ನಮ್ಮ ಯತಿಗಳ ಹೆಸರಿನಲ್ಲಿ ಹೇಳುವುದಾದರೆ ಹಿಗ್ಗುತ್ತ ಹೋಗುವ 2 3 4 8 ಸ್ರೋತೋವಹ, ನಡುವೆ ಉಬ್ಬಿದ 3 5 8 5 3 ಮೃದಂಗ ಯತಿ. ಮೃದಂಗದ ತನಿಯಲ್ಲಿ ಕೇಳಿ ಗೊತ್ತಿರುವ ಆಕಾರಗಳು, ಆದ್ದರಿಂದ ಹಿಡಿಯಲು ನಿಮಗೆ ಕಷ್ಟವಾಗದು.

ಇದರ ಮೇಲೆ ಐದು ಸ್ವರಗಳ ಸಾಲು ಇಡಿ. ಏಳು ಕಾಲಮಾನಕ್ಕೆ ಐದು ಸ್ವರ, 35 ಸ್ವರ ನುಡಿಸಿದ ಮೇಲೆ ಎರಡೂ ಒಟ್ಟಿಗೆ ಮೊದಲಿಗೆ ಬರುತ್ತವೆ. ಅಂದರೆ ಐದು ಆವರ್ತ, 130 ಅನುದ್ರುತ. ನಿಮಿಷಕ್ಕೆ 60 ಬೀಟಿನಲ್ಲಿ ಮೂವತ್ತೆರಡೂವರೆ ಸೆಕೆಂಡು. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಏಳು ಕಾಲಮಾನಕ್ಕೆ ಏಳು ಸ್ವರ ಇಟ್ಟರೆ ಪ್ರತಿ ಆವರ್ತವೂ ಒಂದೇ ಪಾಠ, ಮೂರನೆಯ ಸಲಕ್ಕೆ ಕೇಳುವವರಿಗೆ ಬೇಸರ. ಎಂಟು ಕಾಲಮಾನಕ್ಕೆ ನಾಲ್ಕು ಸ್ವರ ಇಟ್ಟರೂ ಅಷ್ಟೇ. ಎರಡು ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಇರಬಾರದು.

ಯಾವ ಐದು ಸ್ವರ? ರಾಗ ಇಣುಕದಂತೆ ಆರಿಸುವುದೇ ನಿಮ್ಮ ಮಟ್ಟಿಗೆ ಕಷ್ಟದ ಕೆಲಸ. ಮೆಸ್ಸಿಯಾನ್ ಬಳಸುತ್ತಿದ್ದ ಮೇಳಗಳಲ್ಲಿ ಎರಡನೆಯದು ಅರ್ಧ ಸ್ವರ, ಪೂರ್ಣ ಸ್ವರ ಎಂದು ಸರದಿಯಲ್ಲಿ ಹೋಗುತ್ತದೆ: ಸ ರಿ1 ಗ2 ಗ3 ಮ2 ಪ ದ2 ನಿ2. ಎಂಟು ಸ್ವರ. ಗ2ವನ್ನು ಷಡ್ಜ ಮಾಡಿ ಗ್ರಹಭೇದ ಮಾಡಿದರೆ ಅದೇ ಎಂಟು ಸ್ವರ ಮರಳಿ ಬರುತ್ತವೆ. ಮ2, ದ2 ಹಿಡಿದರೂ ಹಾಗೇ. ಹಾಗಾಗಿ ಯಾವ ಸ್ವರಕ್ಕೂ ‘ನಾನೇ ಆಧಾರ’ ಎನ್ನುವ ಹಕ್ಕು ಉಳಿಯುವುದಿಲ್ಲ. ಇದರಿಂದ ಸ ರಿ1 ಗ3 ಮ2 ದ2 ಆರಿಸಿದಿರೋ, ಹಂಸಾನಂದಿ ರಾಗ ಬಂದು ಕೂರುತ್ತದೆ. ಅದರ ಬದಲು ಸ ರಿ1 ಗ2 ಗ3 ಮ2 ತೆಗೆದುಕೊಳ್ಳಿ. ಇದಕ್ಕೆ ಹೊಂದುವ ಮೇಳಕರ್ತ ಇಲ್ಲ. ಸಾಲನ್ನು ಏರಿಕೆಯಲ್ಲಿ ಇಡಬೇಡಿ. ಗ2 ಸ ಮ2 ರಿ1 ಗ3 ಎಂಬಂತೆ ಕಲಸಿ, ಒಂದೆರಡನ್ನು ಮೇಲಿನ ಸ್ಥಾಯಿಗೆ ಎತ್ತಿ. ತಂಬೂರಿ ಬೇಡವೇ ಬೇಡ. ಶ್ರುತಿ ಹಿಡಿದ ಕ್ಷಣ ಕಿವಿ ಷಡ್ಜಕ್ಕೆ ಅಂಟಿಕೊಳ್ಳುತ್ತದೆ, ಸಮಾನ ಹಂಚಿಕೆಯ ಮೇಳದ ಗುಣವೇ ಹೋಗುತ್ತದೆ. ಗಮಕವೂ ಈ ಪದರದಲ್ಲಿ ಬೇಡ. ಕಂಪಿತ ಹಾಕಿದರೆ 2, 3ರಂಥ ಗಿಡ್ಡ ಕಾಲಮಾನಗಳ ಅಂಚು ಮಸುಕಾಗಿ, 3 ಯಾವುದು 4 ಯಾವುದು ಗೊತ್ತಾಗುವುದಿಲ್ಲ.

ಕ್ಲಾರಿನೆಟ್‌ಗೆ ಹಕ್ಕಿಯೊಂದನ್ನು ಕೊಡಿ. ಅದನ್ನು ಫ್ರಾನ್ಸಿನ ಕಾಡಿನಿಂದ ತರಬೇಕಾಗಿಲ್ಲ. ಯುಗಾದಿಯ ಆಸುಪಾಸಿನಲ್ಲಿ ಕರ್ನಾಟಕದ ಯಾವ ಊರಲ್ಲಾದರೂ ಗಂಡು ಕೋಗಿಲೆ ಕೂಗುತ್ತಿರುತ್ತದೆ. ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ವೇಗ ಅರ್ಧಕ್ಕೆ ಇಳಿಸಿ. ಆಡಾಸಿಟಿಯಂಥ ತಂತ್ರಾಂಶದಲ್ಲಿ ‘ಟೆಂಪೊ’ ಬದಲಿಸಿದರೆ ಸ್ವರಸ್ಥಾನ ಇದ್ದಲ್ಲೇ ಇರುತ್ತದೆ. ‘ಸ್ಪೀಡ್’ ಬದಲಿಸಿದರೆ ಸ್ವರವೂ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಬೇಕಾದದ್ದು ಎರಡನೆಯದು. ಮೆಸ್ಸಿಯಾನ್ ಕೂಡ ಹಕ್ಕಿಯ ಹಾಡನ್ನು ಇದ್ದಂತೆ ಬರೆಯುತ್ತಿರಲಿಲ್ಲ: ವೇಗ ತಗ್ಗಿಸಿ, ಒಂದೆರಡು ಸ್ಥಾಯಿ ಕೆಳಗಿಳಿಸಿ, ಅರ್ಧ ಸ್ವರಕ್ಕಿಂತ ಸಣ್ಣ ಅಂತರಗಳನ್ನು ಅದೇ ಅನುಪಾತದಲ್ಲಿ ಹಿಗ್ಗಿಸುತ್ತಿದ್ದ. 1952ರಲ್ಲಿ ಕೊಳಲು ಮತ್ತು ಪಿಯಾನೊಗೆ ಬರೆದ ‘ಕರಿಹಕ್ಕಿ’, ಆ ದಶಕದ ಕೊನೆಗೆ ಮುಗಿಸಿದ, ಒಂಟಿ ಪಿಯಾನೊದ 13 ಹಕ್ಕಿ ರಚನೆಗಳು, ಎಲ್ಲ ಹೀಗೆ ಆದದ್ದು.

ನಿಧಾನಿಸಿ ಕೇಳಿದಾಗ ಕೋಗಿಲೆಯಲ್ಲಿ ಮೂರು ಸಂಗತಿ ಸಿಗುತ್ತವೆ. ಕೂಗು ಕೆಳಗಿನಿಂದ ಮೇಲಕ್ಕೆ ಜಾರುವ ಎರಡು ಸ್ವರ. ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ಮೇಲಕ್ಕೇರುತ್ತದೆ, ದನಿಯೂ ಜೋರಾಗುತ್ತದೆ. ತುದಿ ಮುಟ್ಟಿದೊಡನೆ ಫಕ್ಕನೆ ನಿಲ್ಲುತ್ತದೆ, ಇಳಿಕೆ ಇಲ್ಲ. ಈ ಮೂರನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಕೂಗನ್ನು ಇದ್ದಂತೆ ಅನುಕರಿಸಿದರೆ ಕೇಳುವವರು ‘ಅರೆ, ಕೋಗಿಲೆ’ ಎಂದು ನಕ್ಕು ಸುಮ್ಮನಾಗುತ್ತಾರೆ, ಅಲ್ಲಿಗೆ ಆಸಕ್ತಿ ಮುಗಿಯಿತು. ಏಳು ಕೂಗು ಬರೆಯಿರಿ, ಒಂದೊಂದೂ ಹಿಂದಿನದಕ್ಕಿಂತ ಅರ್ಧ ಸ್ವರ ಮೇಲೆ. ನಡುವಿನ ಆರು ಮೌನಗಳನ್ನು 8 7 5 4 3 2 ಅನುದ್ರುತ ಮಾಡಿ, ಕಿರಿದಾಗುತ್ತ ಹೋಗುವ ಗೋಪುಚ್ಛ ಯತಿಯಂತೆ. ಏಳನೆಯದಾದ ಮೇಲೆ ಪೂರ್ತಿ ಎರಡು ಬಾರ್ ಖಾಲಿ ಬಿಡಿ. ಆ ಖಾಲಿಯಲ್ಲಿ ಪಿಟೀಲಿನ ಚಕ್ರ ತನ್ನ ಪಾಡಿಗೆ ಸುತ್ತುತ್ತಿರುವುದು ಮೊದಲ ಸಲ ಸ್ಪಷ್ಟವಾಗಿ ಕೇಳಿಸುತ್ತದೆ.

ಜಾರು ಬರೆಯುವ ಮೊದಲು ಗೆಳತಿಯನ್ನು ಕೇಳಿ. ಕ್ಲಾರಿನೆಟ್‌ನಲ್ಲಿ ಮಧ್ಯದ ಬಿ-ಫ್ಲಾಟ್‌ನಿಂದ ಬಿಗೆ ದಾಟುವ ಜಾಗದಲ್ಲಿ ಬೆರಳುಗಳೆಲ್ಲ ಒಮ್ಮೆಲೇ ಮುಚ್ಚಬೇಕು. ಅಲ್ಲಿ ಜಾರು ಬರೆದರೆ ನಡುವೆ ತುಂಡಾಗುತ್ತದೆ. ಇಡೀ ಕೂಗನ್ನು ಅದಕ್ಕಿಂತ ಮೇಲೆ ಇಡಿ. ಇನ್ನೊಂದು: ಸಾಮಾನ್ಯವಾಗಿ ಸಿಗುವುದು ಬಿ-ಫ್ಲಾಟ್ ಕ್ಲಾರಿನೆಟ್, ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ನುಡಿಯುತ್ತದೆ. ನಿಮ್ಮ ಸಿ ಅವಳ ಹಾಳೆಯಲ್ಲಿ ಡಿ ಆಗಿರಬೇಕು. ಇದನ್ನು ಮರೆತವರ ಮೊದಲ ಅಭ್ಯಾಸದಲ್ಲಿ ಇಡೀ ರಚನೆ ಅಪಸ್ವರವಾಗಿ ಕೇಳಿಸಿ, ತಪ್ಪು ಸ್ವರಗಳ ಆಯ್ಕೆಯದ್ದು ಎಂದು ತಿಳಿದು ಎಲ್ಲವನ್ನೂ ಹೊಡೆದುಹಾಕುವುದುಂಟು. ನಿಮ್ಮ ಪಿಟೀಲು ಸ ಪ ಸ ಪ ಶ್ರುತಿಯಲ್ಲಿದ್ದರೆ ಹಾಗೇ ಇರಲಿ, ಆದರೆ ನಾಲ್ಕು ತಂತಿಗಳ ಸ್ವರವನ್ನು ಹಾಳೆಯ ಮೇಲ್ಗಡೆ ಬರೆದಿಡಿ. ನಾಳೆ ಜಿ ಡಿ ಎ ಇ ಕಟ್ಟಿದ ಪಿಟೀಲಿನವರು ನುಡಿಸಬೇಕಾದರೆ ಬೆರಳು ಬದಲಾಗುತ್ತದೆ.

ಒಟ್ಟು ಆಕಾರ ಹೀಗಿರಬಹುದು: ಪಿಟೀಲಿನ ಪೂರ್ಣ ಚಕ್ರ ಎರಡು ಸಲ, 65 ಸೆಕೆಂಡು, ಎರಡನೆಯದರಲ್ಲಿ ಕ್ಲಾರಿನೆಟ್ ಸೇರಿಕೊಳ್ಳಲಿ. ನಂತರ ಒಂದು ನಿಮಿಷ ಕ್ಲಾರಿನೆಟ್ ಒಂಟಿ. ಆಮೇಲೆ 45 ಸೆಕೆಂಡು ಇಬ್ಬರೂ ಒಂದೇ ಸ್ವರದಲ್ಲಿ, 3 5 8 5 3ರಂಥ ಲಯಗಳನ್ನು ಜೋರಾಗಿ. ಮೆಸ್ಸಿಯಾನ್‌ನ ಆರನೆಯ ಭಾಗದಲ್ಲಿ ನಾಲ್ವರೂ ಮೊದಲಿನಿಂದ ಕೊನೆತನಕ ಒಂದೇ ಧಾಟಿ ನುಡಿಸುತ್ತಾರೆ, ಕಾರ್ಡಿನ ಆಸರೆಯೇ ಇಲ್ಲ. ಲಯ ಗಟ್ಟಿಯಾಗಿದ್ದರೆ ಅಷ್ಟು ಸಾಕು ಎನ್ನಲು ಅದಕ್ಕಿಂತ ಸಾಕ್ಷಿ ಬೇಡ. ಕೊನೆಗೆ ಪಿಟೀಲಿನ ಚಕ್ರ ಒಂದೇ ಸಲ. ಎಲ್ಲ ಸೇರಿ ಮೂರು ನಿಮಿಷ ಇಪ್ಪತ್ತು ಸೆಕೆಂಡಿನಷ್ಟು.

ಕ್ಲಾರಿನೆಟ್‌ನ ಒಂಟಿ ಭಾಗದ ಬಗ್ಗೆ ಎರಡು ಮಾತು. ಕ್ವಾರ್ಟೆಟ್‌ನ ಮೂರನೆಯ ಭಾಗದಲ್ಲಿ ಒಂದೇ ಸ್ವರವನ್ನು ಕೇಳಿಸಿಯೂ ಕೇಳಿಸದಷ್ಟು ಮೆತ್ತಗೆ ಶುರುಮಾಡಿ, ಸಾಧ್ಯವಾದಷ್ಟು ಜೋರಿಗೆ ಏರಿಸುವ ಜಾಗಗಳಿವೆ. ಕ್ಲಾರಿನೆಟ್‌ನಲ್ಲಿ ಅದು ಚೆನ್ನಾಗಿ ಬರುತ್ತದೆ, ಏಕೆಂದರೆ ಅದು ಮೌನದ ಅಂಚಿನಿಂದಲೇ ದನಿ ಎತ್ತಬಲ್ಲದು. ಆ ಉದ್ದದ ಸ್ವರಕ್ಕೆ ನಿಜವಾದ ಗಂಡಾಂತರ ಕೊನೆಯಲ್ಲಿದೆ. ಜೋರು ಮಾಡಿದಷ್ಟೂ ಉಸಿರು ಬೇಗ ಖರ್ಚಾಗುತ್ತದೆ, ಕೊನೆಯ ಎರಡು ಸೆಕೆಂಡಿನಲ್ಲಿ ಸ್ವರ ಕುಸಿಯುತ್ತದೆ. ಗೆಳತಿಯ ಉಸಿರನ್ನು ಗಡಿಯಾರ ಹಿಡಿದು ಅಳೆದು, ಅದರ ಮುಕ್ಕಾಲು ಭಾಗದಷ್ಟೇ ಉದ್ದ ಬರೆಯಿರಿ. ಪಿಟೀಲಿಗೂ ಇದೇ ನಿಯಮ, ಉಸಿರಿನ ಜಾಗದಲ್ಲಿ ಕಮಾನು.

ಅಭ್ಯಾಸದಲ್ಲಿ ಕೆಡುವುದು ಹೆಚ್ಚಾಗಿ ಬಾರ್‌ಲೈನಿನಿಂದ. 26 ಅನುದ್ರುತದ ಆವರ್ತ ನಾಲ್ಕು ಬೀಟಿನ ಬಾರ್‌ಗೆ ಕೂರುವುದಿಲ್ಲ, ಸ್ವರಗಳು ಗೆರೆ ದಾಟಿ ಟೈ ಆಗುತ್ತವೆ. ಆದಿತಾಳದಲ್ಲಿ ಬೆಳೆದ ಕೈ ಪ್ರತಿ ಬಾರ್‌ನ ಮೊದಲ ಬೀಟಿಗೆ ತೂಕ ಹಾಕಿಬಿಡುತ್ತದೆ. ಹಾಕಿದೊಡನೆ ಚಕ್ರ ಸತ್ತು, ಬೀಟಿಗೆ ಎದುರಾಗಿ ಒತ್ತು ಬೀಳುವ ಸಿಂಕೊಪೇಶನ್ ಆಗುತ್ತದೆ. ಮೊದಲ ಕೆಲವು ದಿನ ಬಾರ್‌ಲೈನ್ ಇಲ್ಲದ ಹಾಳೆಯಲ್ಲಿ, ಸ್ವರಗಳ ಕೆಳಗೆ 2 3 4 8 4 3 2 ಎಂದು ಅಂಕಿ ಬರೆದುಕೊಂಡು, ಬಾಯಲ್ಲಿ ತಕ, ತಕಿಟ, ತಕಧಿಮಿ ಹೇಳಿಕೊಂಡು ನುಡಿಸಿ. ಎರಡೂ ವಾದ್ಯ ಸೇರಿಸುವಾಗ ಮಾತ್ರ ಬಾರ್‌ಲೈನ್ ತನ್ನಿ, ಅದೂ ‘ಎಲ್ಲಿದ್ದೇವೆ’ ಎಂದು ಗುರುತಿಸಲಷ್ಟೇ.

ಒಂದು ವ್ಯವಹಾರದ ಮಾತು. ದೇಶೀ ತಾಳ, ಕೋಗಿಲೆ, ಎಂಟು ಸ್ವರದ ಮೇಳ ಯಾರ ಸ್ವತ್ತೂ ಅಲ್ಲ. ಮೆಸ್ಸಿಯಾನ್ ತೀರಿಕೊಂಡದ್ದು 1992ರಲ್ಲಿ, ಆದ್ದರಿಂದ ಅವನ 29 ಕಾರ್ಡುಗಳಾಗಲಿ ಧಾಟಿಗಳಾಗಲಿ ಇನ್ನೂ ಹಕ್ಕುಸ್ವಾಮ್ಯದಲ್ಲಿವೆ. ವಿಧಾನ ತೆಗೆದುಕೊಳ್ಳಿ, ಸ್ವರಗಳನ್ನು ನಿಮ್ಮದೇ ಇಡಿ.